ಒಂಬತ್ತನೇ ಕಲ್ಲಿನ ಹತ್ತು ನಿಮಿಷ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಡಿನ ಕಾಲುದಾರಿಯಲ್ಲಿ ನೆಟ್ಟ ಮೊದಲ ಕಲ್ಲಿನ ಪಕ್ಕ ಒಬ್ಬ ಹೆಂಗಸು ಕಣ್ಣು ಮುಚ್ಚಿ ನಿಂತಿದ್ದಾರೆ. ನಿಂತಲ್ಲೇ ನಿದ್ದೆ ಹೊಡೆಯುತ್ತಿದ್ದಾರೆ ಅಂದುಕೊಳ್ಳಬೇಕು, ಆದರೆ ಕೈಯಲ್ಲಿನ ಪೆನ್ಸಿಲ್ ಓಡುತ್ತಲೇ ಇದೆ. ಎಡಕ್ಕೆ ಮರಕುಟಿಕ, ಒಂದು. ಬೆನ್ನ ಹಿಂದೆ ಕುಟ್ರು, ಎರಡು. ಹತ್ತು ನಿಮಿಷ ಕಳೆದ ಮೇಲೆ ಕಣ್ಣು ಬಿಟ್ಟು ಮುಂದಿನ ಕಲ್ಲಿಗೆ ಹೊರಡುತ್ತಾರೆ.

ಇವರು ಹಕ್ಕಿಗಳನ್ನು ಕಿವಿಯಿಂದ ಎಣಿಸುವವರು. ಇಪ್ಪತ್ತೆರಡು ವರ್ಷಗಳಿಂದ ದಿನಕ್ಕೆ ಹನ್ನೆರಡು ಕಲ್ಲು, ಏಳು ಕಿಲೋಮೀಟರ್. ಗುರುತು ಹಿಡಿಯುವ ದನಿಗಳು ಅರವತ್ತೊಂದು. ಅರಣ್ಯ ಇಲಾಖೆಯ ಜೀಪ್ ಓಡಿಸುವವನು ಇಟ್ಟ ಹೆಸರು ಕಿವಿಯಕ್ಕ. "ಇವ್ರ ಹಿಂದೆ ಏನೂ ಮಾತಾಡಂಗಿಲ್ಲ ಮಾರಾಯ್ರೆ. ನಾನು ಮನಸ್ಸಲ್ಲಿ ಬೈದ್ರೂ ತಿರುಗಿ ನೋಡ್ತಾರೆ" ಅನ್ನುತ್ತಾನೆ ಅವನು.

ಅರವತ್ತೊಂದರಲ್ಲಿ ಮುಖ್ಯವಾದದ್ದು ಒಂದೇ, ಎಲೆಕೆದಕ. ಹೆಬ್ಬೆರಳಿಗಿಂತ ತುಸು ದೊಡ್ಡ ಕಂದು ಹಕ್ಕಿ. ಉದುರಿದ ಎಲೆ ಕೆದಕಿ ಇರುವೆ, ಗೆದ್ದಲು ತಿನ್ನುತ್ತದೆ. ಕಣ್ಣಿಗೆ ಬೀಳುವುದಿಲ್ಲ, ಕೂಗು ಮಾತ್ರ ಕೇಳುತ್ತದೆ. ಅದು ಇದೆ ಅನ್ನುವ ಕಾರಣಕ್ಕೇ ಈ ಕಾಡಿಗೆ ಗರಗಸ ಬಂದಿಲ್ಲ. ಒಂದು ಇಡೀ ಋತು ಅದರ ಲೆಕ್ಕ ಸೊನ್ನೆಯಾದರೆ ಕಾಡು ಕಾಯುವ ಬೇಲಿಯೂ ಹೋಗುತ್ತದೆ, ಕಿವಿಯಕ್ಕನ ಕೆಲಸವೂ.

ಕೆಲಸ ಕಲಿಸಿದ್ದು ಅಪ್ಪ. ಮೂವತ್ತು ವರ್ಷ ಇದೇ ಕಲ್ಲುಗಳ ಪಕ್ಕ ನಿಂತವರು, ನಿವೃತ್ತಿಯಾದ ಮೇಲೂ ಮಗಳ ಜೊತೆ ಬರುತ್ತಿದ್ದವರು. "ಕಣ್ಣು ಸುಳ್ಳು ಹೇಳತ್ತೆ, ಮುಚ್ಕೋ ಅಂತಿದ್ರು. ಎಲೆಕೆದಕ ಕೂಗಿದ ಕೂಡ್ಲೇ ಎರಡು ಸಲ ಕೆಮ್ಮೋರು. ಆಮೇಲೆ ಪೆನ್ಸಿಲ್‌ನ ತಗಡಿನ ಡಬ್ಬಿಗೆ ಟಕ್ ಟಕ್ ಅಂತ ಕುಟ್ಟಿ ಬರ್ಕೊಳ್ಳೋರು." ಅಪ್ಪ ತೀರಿಕೊಂಡು ಆರು ವರ್ಷವಾಯಿತು.

ಮೂರು ವರ್ಷಗಳಿಂದ ಎಲೆಕೆದಕ ಕೂಗುತ್ತಿದ್ದದ್ದು ಒಂಬತ್ತನೇ ಕಲ್ಲಿನಲ್ಲಿ ಮಾತ್ರ. ಹೋದ ತಿಂಗಳು ಒಂದು ಬೆಳಗ್ಗೆ ಅಲ್ಲಿ ಎಂದಿನಂತೆ ಕೂಗು ಕೇಳಿಸಿತು. ಕಿವಿಯಕ್ಕ ಒಂದು ಅಂತ ಬರೆದರು. ಆಮೇಲೆ, ತಲೆಯ ಮೇಲಿನಿಂದಲೇ, ಯಾರೋ ಎರಡು ಸಲ ಕೆಮ್ಮಿದರು.

ಟಕ್ ಟಕ್.

"ಅಪ್ಪ ಅಂದೆ, ಅಷ್ಟೇ." ಹತ್ತು ನಿಮಿಷ ಮುಗಿಯುವ ಮೊದಲೇ, ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ, ಕಣ್ಣು ಬಿಟ್ಟರು. ಕೊಂಬೆಯ ಮೇಲೆ ಕಾಜಾಣ ಕೂತಿತ್ತು. ಕೇಳಿದ್ದನ್ನೆಲ್ಲ ಅನುಕರಿಸುವ ಕರಿ ಹಕ್ಕಿ. ಅವರು ನೋಡುತ್ತಿದ್ದಂತೆಯೇ ಎಲೆಕೆದಕನಂತೆ ಕೂಗಿತು, ಅಪ್ಪನಂತೆ ಕೆಮ್ಮಿತು, ಡಬ್ಬಿ ಕುಟ್ಟಿತು. ಅದರ ಪಾಲಿಗೆ ಮೂರೂ ಸೇರಿ ಒಂದೇ ಹಾಡು; ಇಷ್ಟು ದಿನ ಮೊದಲ ಸಾಲಿಗೇ ನಿಲ್ಲಿಸುತ್ತಿತ್ತು, ಅಷ್ಟೇ.

ಕಿವಿಯಕ್ಕ ಮೊಣಕಾಲೂರಿ ನೆಲ ನೋಡಿದರು. ಎಲೆಗಳು ಪದರ ಪದರವಾಗಿ ಕೊಳೆಯುತ್ತಿದ್ದವು. ಒಂದನ್ನೂ ಯಾರೂ ಕೆದಕಿರಲಿಲ್ಲ. ಅಡಿಯಲ್ಲಿ ಇರುವೆಗಳು ತುಂಬಿ ಹರಿದು, ಸದ್ದಿಲ್ಲದೆ ಅವರ ಕೈ ಹತ್ತಿದವು.

"ಹೀರೋ ಯಾವತ್ತೋ ಸತ್ತೋಗಿದಾನೆ, ಡಬ್ಬಿಂಗ್‌ನವನು ಇನ್ನೂ ಡೈಲಾಗ್ ಹೊಡೀತಾ ಇದಾನೆ" ಅಂದ ಜೀಪಿನವನು ತನ್ನ ಮಾತಿಗೆ ತಾನೇ ನಗಲಿಲ್ಲ. ಅಂದಿನಿಂದ, ಆ ಕೆಮ್ಮು ಕಿವಿಗೆ ಬೀಳದಿರಲಿ ಅಂತ, ಆ ಕಡೆ ಹೋದಾಗ ಎಂಜಿನ್ ಆರಿಸುವುದನ್ನೇ ಬಿಟ್ಟಿದ್ದಾನೆ.

ಕಿವಿಯಕ್ಕ ಅದೇ ಸಂಜೆ ಮೂರು ವರ್ಷದ ಹಾಳೆಗಳನ್ನು ತೆಗೆದು, ಒಂಬತ್ತನೇ ಕಲ್ಲಿನಲ್ಲಿ ಎಲೆಕೆದಕನ ಹೆಸರಿಗೆ ಬರೆದ ಪ್ರತಿ ಅಂಕಿಯನ್ನೂ ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿದರು. ಮೇಲಿನ ಅಧಿಕಾರಿ ಕರೆಸಿ ಬುದ್ಧಿ ಹೇಳಿದರು. "ಕೂಗು ಕೇಳ್ತಾ ಇದೆ ತಾನೆ? ಬಾಯಿ ಯಾರದ್ದಾದ್ರೆ ನಿಮಗೇನಮ್ಮ? ಸುಮ್ನೆ ಕೂತಿದ್ರೆ ಕಾಡೂ ಉಳಿಯತ್ತೆ, ನೀವೂ ಉಳೀತೀರ."

"ಕೂಗು ಇರುವೆ ತಿನ್ನಲ್ಲ ಸಾರ್" ಅಂದು ಬಂದರು ಇವರು.

ಕೆಮ್ಮಿನ ಸುದ್ದಿ ಮನೆಗೆ ತಲುಪಿದಾಗ ಅಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು ಗೋಡೆಗೊರಗಿ ಕೂತರು. "ನೋಡಿದ್ಯಾ, ಸತ್ಮೇಲೂ ಆ ಮನುಷ್ಯ ಮನೆ ಕಡೆ ಬರ್ಲಿಲ್ಲ, ಕಾಡಿಗೇ ಹೋದ. ನನ್ನ ಒಂದ್ಸಲ ಕರ್ಕೊಂಡು ಹೋಗೇ." ಮರುದಿನ ಮಗಳ ತೋಳು ಹಿಡಿದು ಒಂಬತ್ತನೇ ಕಲ್ಲಿನವರೆಗೆ ನಡೆದರು. ಕಾಜಾಣ ಕೊಂಬೆಯ ಮೇಲೇ ಇತ್ತು. ಕತ್ತು ವಾಲಿಸಿ ಅಮ್ಮನನ್ನು ಬಹಳ ಹೊತ್ತು ನೋಡಿತು. ತುಟಿ ಪಿಟಕ್ಕೆನ್ನಲಿಲ್ಲ.

"ಮನೇಲೂ ಹಿಂಗೇ" ಅಂದರು ಅಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ನಾನು ಬಂದ್ರೆ ಬಾಯಿಗೆ ಬೀಗ."

ಋತು ಮುಗಿಯಲು ಇನ್ನು ಹದಿನೆಂಟು ದಿನ; ಬೇಲಿಯ ತೀರ್ಮಾನವನ್ನು ಇಲಾಖೆ ಅಲ್ಲಿಯವರೆಗೆ ತಡೆದಿದೆ. ಈಗ ಕಿವಿಯಕ್ಕ ಹನ್ನೆರಡು ಕಲ್ಲು ಮುಗಿದ ಮೇಲೂ ಮನೆಗೆ ಹೋಗುವುದಿಲ್ಲ. ಯಾರೂ ಎಣಿಸದ ಪೊದೆಗಳ ಬುಡದಲ್ಲಿ ಮಗ್ಗುಲಾಗಿ ಮಲಗಿ, ನೆಲಕ್ಕೆ ಕಿವಿಯಿಟ್ಟು ಕಾಯುತ್ತಾರೆ. ಇಂದಿಗೂ ಸೊನ್ನೆ. ಏನಾದರೂ ಆಸೆ ಇದೆಯೇ ಅಂತ ಕೇಳಿದರೆ ಸೀರೆಗಂಟಿದ ಎಲೆಚೂರು ಕೊಡವುತ್ತ ಹೇಳುತ್ತಾರೆ:

"ಸನ್ಮಾನ ಗಿನ್ಮಾನ ಏನೂ ಬೇಡಪ್ಪ. ಇಷ್ಟು ವರ್ಷ ನನ್ನ ಕಿವಿ ತಪ್ಪಲ್ಲ ಅಂತ ಮೆರೆದೋಳು ನಾನು. ಎಲ್ಲೋ ಒಂದು ಮೂಲೇಲಿ, ನಂಗೆ ಕೇಳಿಸದ ಹಾಗೆ ಒಂದು ಎಲೆಕೆದಕ ಇರ್ಲಿ. ನಾನು ಬರೆದ ಸೊನ್ನೆ ತಪ್ಪಾಗ್ಲಿ."