ಶುಕ್ರವಾರ ಹೊರಟ ಲಕ್ಕಮ್ಮ

ಬ್ಯಾಟರಾಯನಪುರದ ಲಕ್ಕಮ್ಮನಿಗೆ ಅರವತ್ತೊಂದು ವರ್ಷ. ಹೆಬ್ಬಾಳದ ವೆಟರ್ನರಿ ಕಾಲೇಜಿನ ದನದ ಕೊಟ್ಟಿಗೆಯಲ್ಲಿ ಇಪ್ಪತ್ತೆಂಟು ವರ್ಷ ಬೂಸಾ ಮೂಟೆ ಹೊತ್ತು, ಸಗಣಿ ಬಾಚಿ ನಿವೃತ್ತಿಯಾದವಳು. ಕೆಲಸ ಬಿಡಲು ಎರಡು ವರ್ಷ ಬಾಕಿಯಿದ್ದಾಗ ಕಾಲೇಜಿನಲ್ಲಿ ಸಿಬ್ಬಂದಿಯ ಆಟೋಟ ನಡೆಯಿತು. ಹೆಂಗಸರಿಗೆಂದು ಇಟ್ಟಿದ್ದು ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡುವ ಆಟ. ಲಕ್ಕಮ್ಮ ನಾಲ್ಕೇ ಹೆಜ್ಜೆಗೆ ಹಣ್ಣು ಬೀಳಿಸಿಕೊಂಡಳು. ಸುತ್ತಲಿದ್ದವರು ನಕ್ಕರು. ಆ ಸಿಟ್ಟಿಗೆ ಪಕ್ಕದಲ್ಲಿ ಬಿದ್ದಿದ್ದ, ಗಂಡಸರು ಎಸೆಯುವ ಕಬ್ಬಿಣದ ಗುಂಡನ್ನು ಎತ್ತಿ ಎಸೆದಳು. ಅದು ಹೋಗಿ ಬಿದ್ದ ಜಾಗವನ್ನು ನಗುತ್ತಿದ್ದವರೇ ಹೆಜ್ಜೆಯಿಟ್ಟು ಅಳೆದರು. ಆಟ ಆಡಿಸಲು ಬಂದಿದ್ದ ಪ್ರತಿಭಾ ಮೇಡಂ, ವಿಜಯಪುರದ ಕಡೆಯವರು, ಅವತ್ತೇ ಲಕ್ಕಮ್ಮನ ಫೋನ್ ನಂಬರ್ ಬರೆದುಕೊಂಡರು.

ಅಲ್ಲಿಂದ ಶುರುವಾಯಿತು ನೋಡಿ. ವಾರಕ್ಕೆ ಮೂರು ದಿನ ಮೈದಾನ, ಸೀರೆಯ ಬದಲು ಟ್ರ್ಯಾಕ್ ಪ್ಯಾಂಟು. ಮೊದಲು ಜಿಲ್ಲೆ, ಆಮೇಲೆ ರಾಜ್ಯ, ಈಗ ಕೊಲಂಬೊದಲ್ಲಿ ಹಿರಿಯರ ಕ್ರೀಡಾಕೂಟ. ಅರವತ್ತು ದಾಟಿದ ಹೆಂಗಸರ ಗುಂಡು ಎಸೆತ ಶನಿವಾರ ಬೆಳಿಗ್ಗೆ ಹತ್ತಕ್ಕೆ. ಚಿಕ್ಕಂದಿನಿಂದ ಯಾರೂ ಅವಳನ್ನು ಯಾವುದಕ್ಕೂ ಆರಿಸಿರಲಿಲ್ಲ. ಹೆಸರು ಪಟ್ಟಿಯಲ್ಲಿ ಬಂದ ದಿನ ಲಕ್ಕಮ್ಮ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದಳು.

ಗಂಡ ದೊಡ್ಡಮುನಿಯಪ್ಪ ಹಾಲಿನ ಬೂತಿನಲ್ಲಿ ಈ ಸುದ್ದಿಯನ್ನು ಎಲ್ಲರಿಗೂ ಎರಡೆರಡು ಸಲ ಹೇಳಿದ. ಆದರೆ ಹೆಂಡತಿ ಗುಂಡು ಎಸೆಯುವುದನ್ನು ಒಂದು ದಿನವೂ ನಿಂತು ನೋಡಿದವನಲ್ಲ, ನಾಚಿಕೆಯಂತೆ. ಒಬ್ಬಳನ್ನೇ ಕಳಿಸಲಾಗದು ಎಂದು ತನಗೂ ಒಂದು ಟಿಕೆಟ್ ಮಾಡಿಸಿಕೊಂಡ. ಅಷ್ಟಕ್ಕೇ ನಿಲ್ಲಿಸಿದ್ದರೆ ಪುಣ್ಯ ಬರುತ್ತಿತ್ತು. ಗೋಡೆಯ ಕ್ಯಾಲೆಂಡರನ್ನು ಕೇಳದೆ ಉಗುರು ಕೂಡ ಕತ್ತರಿಸದ ಆಸಾಮಿ ಅವನು. ತಂಡದವರೆಲ್ಲ ಹೊರಡುವುದು ಗುರುವಾರ ಎಂದು ತಿಳಿದದ್ದೇ ಕನ್ನಡಕ ಹಾಕಿಕೊಂಡು ಗೋಡೆಯ ಮುಂದೆ ನಿಂತುಬಿಟ್ಟ.

“ಗುರುವಾರ ದಕ್ಷಿಣಕ್ಕೆ ಶೂಲ. ಆ ದಿಕ್ಕಿಗೆ ಪಯಣ ಕೂಡದು. ಶುಕ್ರವಾರ ಓಗಣ.”

“ಏರ್‌ಪೋರ್ಟ್ ಇರಾದು ಉತ್ತರಕ್ಕಲ್ವಾ?” ಎಂದಳು ಲಕ್ಕಮ್ಮ.

“ಅಲ್ಲಿಗೆ ಕಾರಲ್ಲಿ ಓಗ್ತೀವಿ. ಇಮಾನ ಓಗಾದು ದಕ್ಷಿಣಕ್ಕೆ ತಾನೆ?”

ಮದುವೆಯಾಗಿ ನಲವತ್ತು ವರ್ಷದಲ್ಲಿ ಲಕ್ಕಮ್ಮ ಇಂಥ ಎಷ್ಟೋ ಮಾತಿಗೆ ಹೂಂ ಅಂದಿದ್ದಳು. ಇದಕ್ಕೂ ಅಂದಳು. ಪ್ರತಿಭಾ ಮೇಡಂ ತಂಡ ಕಟ್ಟಿಕೊಂಡು ಗುರುವಾರವೇ ಹಾರಿದರು.

ಶುಕ್ರವಾರದ ವಿಮಾನ ಮಧ್ಯಾಹ್ನ ಮೂರು ಹತ್ತಕ್ಕೆ. ಹನ್ನೊಂದೂವರೆಗೆ ಮನೆ ಬಿಟ್ಟರೆ ಸಾಕಾಗಿತ್ತು. ಆದರೆ ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಹಾಗಾಗಿ ಹತ್ತೂಕಾಲಿಗೇ ದೇವರಿಗೆ ಕೈಮುಗಿದು, ಬಲಗಾಲು ಮುಂದಿಟ್ಟು ಹೊಸ್ತಿಲು ದಾಟಿದ್ದಾಯಿತು. ಗೇಟಿನ ಹೊರಗೆ ಟ್ಯಾಕ್ಸಿಗೆ ಕಾಯುತ್ತಿರುವಾಗ ಸೊಸೆ ಫೋನ್ ನೋಡಿಕೊಂಡು ಓಡಿಬಂದಳು.

“ಅತ್ತೆ, ಫ್ಲೈಟ್ ಲೇಟಂತೆ. ಆರೂ ನಲವತ್ತಕ್ಕೆ ಹಾಕಿದಾರೆ. ಒಳಗ್ ಬನ್ನಿ, ಊಟ ಮಾಡ್ಕೊಂಡು ಆರಾಮಾಗಿ ಹೋಗ್ಬಹುದು.”

ದೊಡ್ಡಮುನಿಯಪ್ಪ ಕೈ ಅಡ್ಡ ಹಿಡಿದ. “ಒರಟ ಮ್ಯಾಲೆ ಒರಟಂಗೆ. ಪಯಣ ಮುಗಿಯೋಗಂಟ ಒಸ್ತಿಲು ತುಳಿಯಂಗಿಲ್ಲ.”

ಇಷ್ಟು ಬೇಗ ಏರ್‌ಪೋರ್ಟಿಗೆ ಹೋಗಿ ಮಾಡುವುದೇನೆಂದು, ಬಂದ ಟ್ಯಾಕ್ಸಿಯನ್ನು ವಾಪಸ್ ಕಳಿಸಿದರು. ಸ್ವಂತ ಮನೆ ಇಪ್ಪತ್ತು ಅಡಿ ದೂರದಲ್ಲಿ ಬಾಗಿಲು ತೆರೆದುಕೊಂಡು ನಿಂತಿದೆ, ಗಂಡ ಹೆಂಡತಿ ಬೀದಿಯಲ್ಲಿ ಸೂಟ್‌ಕೇಸಿನ ಪಕ್ಕ ನಿಂತಿದ್ದಾರೆ. ಎದುರುಮನೆಯ ನೂರೀನ್ ಮಹಡಿಯಿಂದ ಇದನ್ನೆಲ್ಲ ನೋಡಿ ಕೆಳಗಿಳಿದು ಬಂದಳು. “ಏನ್ ಲಕ್ಕಮ್ಮಾ, ಬಿಸ್ಲಲ್ಲಿ ನಿಂತಿದೀರಾ? ಬನ್ರೀ ನಮ್ಮನೇಗೆ,” ಎಂದು ವರಾಂಡದಲ್ಲಿ ಎರಡು ಕುರ್ಚಿ ಹಾಕಿದಳು.

ಆ ಕುರ್ಚಿಗಳ ಮೇಲೆ ಕೂತು ಇಬ್ಬರೂ ತಮ್ಮ ಮನೆಯ ಬಾಗಿಲನ್ನೇ ನೋಡುತ್ತಾ ಮೂರು ಗಂಟೆ ಕಳೆದರು. ಬಿಪಿ ಮಾತ್ರೆ ಫ್ರಿಜ್ಜಿನ ಮೇಲೆ ಉಳಿದಿತ್ತು, ಸೊಸೆ ತಂದು ಕೊಟ್ಟಳು. ಚಾರ್ಜರ್ ತಂದಳು. ಆಮೇಲೆ ಮುದ್ದೆ, ಸೊಪ್ಪಿನ ಸಾರು ಕೂಡ ರಸ್ತೆ ದಾಟಿ ಬಂದವು. ಮನೆ ಬಿಟ್ಟ ಮೇಲೆ ಮನೆಯ ಅನ್ನ ತಿನ್ನಬಹುದೋ ಬೇಡವೋ ಎಂದು ದೊಡ್ಡಮುನಿಯಪ್ಪ ತುಸು ಹೊತ್ತು ಯೋಚಿಸಿದ. ಹಸಿವು ಜಾಸ್ತಿಯಾಗಿ, ಹೊಸ್ತಿಲು ದಾಟಿ ಬಂದ ಊಟಕ್ಕೆ ದೋಷವಿಲ್ಲ ಎಂದು ತಾನೇ ತೀರ್ಪು ಕೊಟ್ಟು ಎರಡು ಮುದ್ದೆ ಮುಗಿಸಿದ.

ಲಕ್ಕಮ್ಮನಿಗೆ ಊಟ ಸೇರಲಿಲ್ಲ. ಪ್ರತಿಭಾ ಮೇಡಂಗೆ ಫೋನ್ ಮಾಡಿದಳು.

“ಇವತ್ತ ರಾತ್ರಿ ಎಷ್ಟೊತ್ತಿಗರ ಬರ್ರೀ, ಚಿಂತಿಲ್ಲ,” ಎಂದರು ಮೇಡಂ. “ಆದ್ರ ನಾಳೆ ಮುಂಜಾನೆ ಒಂಬತ್ತೂವರಿಗೆ ಹೆಸರು ಕರೀತಾರ. ಮೈದಾನದಾಗ ಇರಲಿಲ್ಲ ಅಂದ್ರ ಹೆಸರು ಹೊಡೆದು ಹಾಕ್ತಾರ. ಯಾರ ಮಾತೂ ಕೇಳೂದಿಲ್ಲ ಅವರು.”

ಬೀದಿಯಲ್ಲಿ ಹೋಗಿ ಬರುವವರೆಲ್ಲ ನಿಂತು ಕೇಳತೊಡಗಿದರು. ಯಾಕೆ, ಹೋಗ್ಲಿಲ್ವಾ? ಕ್ಯಾನ್ಸಲ್ಲಾ? ವೀಸಾ ಕೊಡ್ಲಿಲ್ವಾ? ಹಾಲಿನ ಬೂತಿನವನು ಕೂಡ ಬಂದು ವಿಚಾರಿಸಿಕೊಂಡು ಹೋದ. ಒಂದೂಮುಕ್ಕಾಲಿನ ಹೊತ್ತಿಗೆ ಲಕ್ಕಮ್ಮನಿಗೆ ಸಾಕುಸಾಕಾಯಿತು. “ಎಲ್ಲೋ ಒಂದು ಕಡೆ ಕಾಯ್ಬೇಕು ತಾನೆ? ಅಲ್ಲೇ ಓಗಿ ಕಾಯಣ ನಡೀರಿ,” ಎಂದು ಎದ್ದೇಬಿಟ್ಟಳು. ಹೊರಡುವಾಗ ನೂರೀನ್ ಅವಳ ಬಲಗೈ ರಟ್ಟೆಯನ್ನು ಹಿಡಿದು ಅದುಮಿ, ಜೋರಾಗಿ ಎಸೆಯಬೇಕು ಎಂದು ಹೇಳಿ ಕಳಿಸಿದಳು.

ಯಲಹಂಕ ದಾಟಿ ವಿಮಾನ ನಿಲ್ದಾಣ ಸೇರಿದಾಗ ಎರಡೂವರೆ. ಅವರ ವಿಮಾನದ ಕೌಂಟರು ಇನ್ನೂ ತೆರೆದಿರಲಿಲ್ಲ. ಆರೂ ನಲವತ್ತರ ಸಂದೇಶ ನೋಡಿದ ಪ್ರಯಾಣಿಕರೆಲ್ಲ ತಂತಮ್ಮ ಮನೆಗಳಲ್ಲೇ ಉಳಿದಿರಬೇಕು. ಅಷ್ಟು ದೊಡ್ಡ ನಿಲ್ದಾಣದ ಆ ಮೂಲೆಯಲ್ಲಿ ಇವರಿಬ್ಬರೇ. ದೊಡ್ಡಮುನಿಯಪ್ಪ ಕೂತಲ್ಲೇ ತೂಕಡಿಸಿದ. ಲಕ್ಕಮ್ಮ ಬೋರ್ಡಿನ ಮೇಲೆ ಕಣ್ಣಿಟ್ಟು ಕೂತಳು. ಇಂಗ್ಲಿಷ್ ಓದಲು ಬಾರದಿದ್ದರೂ ಅಂಕಿ ಗೊತ್ತಿತ್ತು. ನಾಲ್ಕು ಗಂಟೆಯ ಸುಮಾರಿಗೆ ಆರೂ ನಲವತ್ತು ಎಂದಿದ್ದ ಸಾಲಿನ ಅಂಕಿ ಬದಲಾಯಿತು. ಎಂಟು ಗಂಟೆ. ಪಕ್ಕದಲ್ಲಿ ಹೋಗುತ್ತಿದ್ದ ಒಬ್ಬಳನ್ನು ನಿಲ್ಲಿಸಿ ಕೇಳಿದಳು. ರಾತ್ರಿಯದಲ್ಲ, ನಾಳೆ ಬೆಳಿಗ್ಗೆಯದು ಎಂದಳು ಆಕೆ.

ಲೆಕ್ಕ ಹಾಕಲು ಬೆರಳು ಮಡಿಸಬೇಕಾಗಿರಲಿಲ್ಲ. ಎಂಟಕ್ಕೆ ಹೊರಟರೆ ಅಲ್ಲಿ ಇಳಿಯುವುದೇ ಒಂಬತ್ತೂವರೆ. ಅಲ್ಲಿ ಹೆಸರು ಕರೆಯುವುದೂ ಒಂಬತ್ತೂವರೆ. ಲಕ್ಕಮ್ಮನಿಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ಗಂಡನ ಭುಜ ಅಲ್ಲಾಡಿಸಿ ಎಬ್ಬಿಸಿದಳು.

“ನೆನ್ನೆ ಓಗಿದ್ರೆ ಇಷ್ಟೊತ್ಗೆ ಅಲ್ಲಿರ್ತಿದ್ದೆ ನಾನು.”

ಇಂಥ ಮಾತನ್ನು ಅವಳ ಬಾಯಲ್ಲಿ ಕೇಳಿ ಅಭ್ಯಾಸವಿಲ್ಲದ ದೊಡ್ಡಮುನಿಯಪ್ಪ ಬೋರ್ಡು ನೋಡಿದ, ಹೆಂಡತಿಯನ್ನು ನೋಡಿದ. ಅವನ ಮುಖ ಸಣ್ಣಗಾಯಿತು. ಅವನು ಮಾತು ಹುಡುಕುವಷ್ಟರಲ್ಲಿ ಲಕ್ಕಮ್ಮ ಸೂಟ್‌ಕೇಸ್ ಎಳೆದುಕೊಂಡು ಆಗಷ್ಟೇ ದೀಪ ಹೊತ್ತಿದ್ದ ಕೌಂಟರಿಗೆ ಹೋಗಿ ನಿಂತಾಗಿತ್ತು. ಹಿಂದೆ ಸಾಲಿಲ್ಲ, ಮುಂದೆ ಯಾರೂ ಇಲ್ಲ. ಕೌಂಟರಿನ ಹುಡುಗಿಯ ಎದೆಯ ಮೇಲೆ ಭಾಗ್ಯಶ್ರೀ ಎಂದು ಬರೆದಿತ್ತು.

“ನೋಡಮ್ಮ, ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ನಾನು ಕೊಲಂಬೊ ಮೈದಾನದಲ್ಲಿ ಇರ್ಬೇಕು. ಗುಂಡು ಎಸೆಯೋದಿದೆ,” ಎಂದು ಲಕ್ಕಮ್ಮ ಪ್ರತಿಭಾ ಮೇಡಂ ಕಳಿಸಿದ್ದ ಪತ್ರವನ್ನು ಅವಳ ಮುಂದೆ ಬಿಡಿಸಿಟ್ಟಳು.

ಭಾಗ್ಯಶ್ರೀ ಪತ್ರ ಓದಿ ಒಮ್ಮೆ ತಲೆಯೆತ್ತಿ ಲಕ್ಕಮ್ಮನನ್ನು ನೋಡಿದಳು. ಆಮೇಲೆ ಕೀಬೋರ್ಡು ಕುಟ್ಟತೊಡಗಿದಳು. ಯಾರಿಗೋ ಫೋನ್ ಮಾಡಿದಳು, ಮತ್ತೆ ಕುಟ್ಟಿದಳು. ಅಷ್ಟು ಹೊತ್ತಿಗೆ ದೊಡ್ಡಮುನಿಯಪ್ಪನೂ ಬಂದು ಸೇರಿಕೊಂಡ.

“ಅಮ್ಮಾ, ಆರು ಗಂಟೆಗೆ ಚೆನ್ನೈಗೆ ಒಂದು ಫ್ಲೈಟ್ ಇದೆ. ಅಲ್ಲಿ ಇಳಿದು ಇನ್ನೊಂದು ಹತ್ತಿದ್ರೆ ಇವತ್ತು ರಾತ್ರೀನೇ ಕೊಲಂಬೊ ಸೇರ್ತೀರಾ. ಆದ್ರೆ ಒಂದೇ ಸೀಟ್ ಉಳ್ದಿದೆ. ಈಗ್ಲೇ ಹೇಳ್ಬೇಕು, ಇನ್ನು ಐದ್ ನಿಮಿಷಕ್ಕೆ ಅದೂ ಹೋಗ್ಬಿಡುತ್ತೆ.”

“ಒಂದೇ ಅಂದ್ರೆ ಬ್ಯಾಡ ಬುಡಮ್ಮ,” ಎಂದ ದೊಡ್ಡಮುನಿಯಪ್ಪ. “ಇಬ್ರೂ ಬೆಳಿಗ್ಗೇನೇ ಓಗ್ತೀವಿ.”

“ನಂಗೆ ಕೊಡಮ್ಮ ಆ ಸೀಟು,” ಎಂದಳು ಲಕ್ಕಮ್ಮ.

ಹೆಂಡತಿ ತವರಿಗೆ ಹೋಗುವಾಗಲೂ ಬಸ್ ಹತ್ತಿಸಿ, ಕಂಡಕ್ಟರಿಗೆ ಹೇಳಿ ಬಂದವನು ದೊಡ್ಡಮುನಿಯಪ್ಪ. “ಒಬ್ಳೇ ಎಂಗ್ ಓಗ್ತೀಯ? ಮದ್ರಾಸಲ್ಲಿ ಇಳೀಬೇಕು, ಇನ್ನೊಂದು ಅತ್ಬೇಕು. ಇಂದಿ ಬರಲ್ಲ, ಇಂಗ್ಲೀಸು ಬರಲ್ಲ. ನಾನಿಲ್ದೆ ಅಲ್ಲೋಗಿ ಏನ್ ಮಾಡ್ತೀಯ?”

“ಗುಂಡು ಎಸೀತೀನಿ. ನೀವು ಜೊತೇಗಿದ್ರೂ ಎಸೆಯಾದು ನಾನೊಬ್ಳೇ ತಾನೆ?”

ಅವಳು ಗಂಡನ ಮುಖ ನೋಡಲಿಲ್ಲ. ನೋಡಿದರೆ ಎಲ್ಲಿ ಹೂಂ ಅಂದುಬಿಡುತ್ತೇನೋ ಎಂಬ ಭಯ ಅವಳಿಗೇ ಇತ್ತು. ಕೈಯನ್ನು ಮಾತ್ರ ಅವನತ್ತ ಚಾಚಿದಳು. ದೊಡ್ಡಮುನಿಯಪ್ಪ ಅಂಗಿಯ ಒಳಜೇಬಿನಿಂದ ಎರಡೂ ಪಾಸ್‌ಪೋರ್ಟ್ ತೆಗೆದ. ಕಳೆದುಹೋಗದಿರಲೆಂದು ಎರಡನ್ನೂ ಸೇರಿಸಿ ರಬ್ಬರ್ ಬ್ಯಾಂಡ್ ಸುತ್ತಿದ್ದ, ಎರಡು ಸುತ್ತು. ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಒಂದನ್ನು ತೆಗೆದು ಅವಳ ಕೈಯಲ್ಲಿಟ್ಟ. ಗಡಿಬಿಡಿಯಲ್ಲಿ ಕೊಟ್ಟಿದ್ದು ಅವನದೇ. ಲಕ್ಕಮ್ಮ ಬಿಡಿಸಿ ಫೋಟೊ ನೋಡಿದಳು, ಅದನ್ನು ವಾಪಸ್ ಅವನ ಜೇಬಿಗೆ ಇಟ್ಟಳು. ಅವನ ಕೈಯಲ್ಲಿ ಉಳಿದಿದ್ದ ಇನ್ನೊಂದನ್ನು ತಾನೇ ತೆಗೆದುಕೊಂಡು ಭಾಗ್ಯಶ್ರೀಗೆ ಕೊಟ್ಟಳು.