ಟ್ರ್ಯಾಕ್ ಹಾಡಿದ ವಿಮಲಕ್ಕ

ವಿಮಲಕ್ಕ ಮಾತಾಡಿದರೆ ತುಕ್ಕು ಹಿಡಿದ ಷಟರ್ ಎಳೆದ ಹಾಗೆ ಕೇಳಿಸುತ್ತಿತ್ತು. ಗಂಟಲಿನ ಗಡ್ಡೆ ತೆಗೆಸಿಕೊಂಡ ಮೇಲೆ ಹಾಗಾಯಿತಂತೆ. ಫೋನಿನಲ್ಲಿ ಎಲ್ಲರೂ ಅವರನ್ನು ‘ಸಾರ್’ ಎನ್ನುತ್ತಿದ್ದರು, ಅವರು ತಿದ್ದಲು ಹೋಗುತ್ತಿರಲಿಲ್ಲ. ಇಂಥ ಧ್ವನಿಯ ಹೆಂಗಸು ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು, ಬಟ್ಟೆಯ ಚೀಲದಿಂದ ಸಿ.ಡಿ.ಗಳನ್ನು ತೆಗೆದು ಟೇಬಲ್ಲಿನ ಮೇಲೆ ಹರಡಿ, ಇವುಗಳಲ್ಲಿ ನಾನು ಹಾಡಿದ ಹಾಡುಗಳಿವೆ, ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿಗೆ ಹಾಕಿಕೊಡಬೇಕು ಎಂದಾಗ ನಾನು ಕೆಮ್ಮುವ ನೆಪದಲ್ಲಿ ನಗು ಮುಚ್ಚಿಕೊಂಡೆ.

ನನ್ನದು ಆರ್.ಟಿ. ನಗರದಲ್ಲೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು, ಫ್ಲೆಕ್ಸು. ಬದುಕಿದ್ದವರಿಗೆ ಹುಟ್ಟುಹಬ್ಬದ ಶುಭಾಶಯ, ಸತ್ತವರಿಗೆ ಭಾವಪೂರ್ಣ ಶ್ರದ್ಧಾಂಜಲಿ, ಎರಡಕ್ಕೂ ಅದೇ ಗುಲಾಬಿ ಹೂವಿನ ಅಂಚು. ಪಕ್ಕದವನ ಹೆಸರಿಗಿಂತ ತನ್ನ ಹೆಸರಿನ ಅಕ್ಷರ ಸಣ್ಣದಾಯಿತು ಎಂದು ನನ್ನ ಮೇಜು ಗುದ್ದಿ ಜಗಳವಾಡಿದವರನ್ನು ನೋಡಿ ನೋಡಿ ನನಗೆ ಹೆಸರು ಎಂದರೇ ವಾಕರಿಕೆ. ಸಿ.ಡಿ. ಡ್ರೈವ್ ಇರುವ ಕಂಪ್ಯೂಟರ್ ಆ ಸುತ್ತಮುತ್ತ ಉಳಿದಿದ್ದು ನನ್ನಲ್ಲಿ ಮಾತ್ರ. ಉಳಿಸಿಕೊಂಡಿದ್ದೆ ಎನ್ನುವುದಕ್ಕಿಂತ, ಬಿಸಾಡಲು ಸೋಮಾರಿತನ ಎನ್ನಬೇಕು. ಮನೆಯ ಪ್ಲೇಯರ್ ಕೆಟ್ಟು, ರಿಪೇರಿಯವನು ಅದನ್ನು ಮುಟ್ಟಿಯೂ ನೋಡದೆ ಗುಜರಿಗೆ ಹಾಕಿ ಎಂದ ಮೇಲೆ ವಿಮಲಕ್ಕ ಗಂಗಾನಗರದಿಂದ ನನ್ನನ್ನು ವಿಚಾರಿಸಿಕೊಂಡು ಬಂದಿದ್ದರು.

ಮೊದಲು ಹಾಕಿದ್ದು ದೇವಿಯ ಭಕ್ತಿಗೀತೆಗಳ ಸಿ.ಡಿ. ಡ್ರೈವಿನೊಳಗೆ ಹೋದೊಡನೆ ಸಾಫ್ಟ್‌ವೇರು ಇಂಟರ್ನೆಟ್ಟಿನಿಂದ ಹಾಡುಗಳ ಹೆಸರನ್ನು ತಾನೇ ತಂದು ತೋರಿಸಿತು. ಎಲ್ಲೋ ಯಾರೋ ಹಿಂದೆ ಅದೇ ಸಿ.ಡಿ. ಹಾಕಿದಾಗ ಟೈಪು ಮಾಡಿಟ್ಟ ಹೆಸರುಗಳು ಅವು. ಎಂಟು ಹಾಡು, ಎಂಟರ ಎದುರಿಗೂ ಒಬ್ಬ ಪ್ರಸಿದ್ಧ ಗಾಯಕಿಯ ಹೆಸರು. ಟೈಪಿಂಗ್ ಉಳಿಯಿತು ಎಂದು ನಾನು ಹಿಗ್ಗಿದೆ. ವಿಮಲಕ್ಕ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಗ್ಗಿದರು.

‘ಇದ್ಯಾರ್ ಹೇಳಿದ್ದು ಇದಕ್ಕೆ?’

‘ನೆಟ್ಟಲ್ಲಿದೆ ಮೇಡಂ.’

‘ನೆಟ್ಟು ಸ್ಟುಡಿಯೋದಲ್ಲಿತ್ತಾ?’

ಆಮೇಲೆ ಸ್ಟೂಲು ಎಳೆದುಕೊಂಡು ಕೂತು ವಿವರಿಸಿದರು. ಸಿ.ಡಿ.ಗಳ ಕಾಲದಲ್ಲಿ ಅವರು ಸ್ಟುಡಿಯೋಗಳಲ್ಲಿ ಟ್ರ್ಯಾಕ್ ಹಾಡುತ್ತಿದ್ದರು. ದೊಡ್ಡ ಗಾಯಕರಿಗೆ ಬಂದು ಕಲಿಯುವಷ್ಟು ಪುರುಸೊತ್ತಿರುವುದಿಲ್ಲ. ಅದಕ್ಕೆ ಮೊದಲೇ ಇನ್ನೊಬ್ಬರಿಂದ ಹಾಡನ್ನು ಪೂರ್ತಿ ಹಾಡಿಸಿಟ್ಟಿರುತ್ತಾರೆ. ದೊಡ್ಡವರು ಬಂದು, ಕಿವಿಯಲ್ಲಿ ಅದನ್ನು ಕೇಳಿಸಿಕೊಳ್ಳುತ್ತಾ, ಅದೇ ಜಾಡಿನಲ್ಲಿ ಹಾಡಿ ಹೋಗುತ್ತಾರೆ. ಆಮೇಲೆ ಮೊದಲ ಧ್ವನಿಯನ್ನು ತೆಗೆದುಬಿಡುತ್ತಾರೆ. ಅಳಿಸುವುದಕ್ಕೆಂದೇ ಹಾಡುವ ಕೆಲಸ ಅದು, ಅದಕ್ಕೆ ವಿಮಲಕ್ಕನ ತಕರಾರಿರಲಿಲ್ಲ. ಆದರೆ ಈ ಸಿ.ಡಿ. ಮಾಡುವಾಗ ಗಾಯಕಿ ಐದು ಹಾಡು ಮುಗಿಸಿ ವಿಮಾನ ಹತ್ತಿದರು. ನವರಾತ್ರಿ ಬಾಗಿಲಿಗೆ ಬಂದಿತ್ತು. ಕಂಪನಿಯವರು ಉಳಿದ ಮೂರಕ್ಕೆ ವಿಮಲಕ್ಕನ ಧ್ವನಿಯನ್ನೇ ಬಿಟ್ಟು, ಕವರಿನ ಮೇಲೆ ಗಾಯಕಿಯ ಫೋಟೋ ಹಾಕಿ ಮಾರಾಟಕ್ಕಿಟ್ಟರು. ಆ ಮೂರರಲ್ಲಿ ಒಂದು, ಬೆಳಗ್ಗೆ ದೇವಿಯನ್ನು ಎಬ್ಬಿಸುವ ಹಾಡು. ಹೆಬ್ಬಾಳದಿಂದ ಯಶವಂತಪುರದವರೆಗೆ ಅದು ಬಾರದ ಗುಡಿಯ ಮೈಕಿಲ್ಲ. ನಾನೂ ಅದನ್ನು ಕೇಳುತ್ತಲೇ ಎಷ್ಟೋ ವರ್ಷ ಹಲ್ಲುಜ್ಜಿದವನು.

‘ಹಾಡಿ ತೋರ್ಸಿ ಅಂತೀರೇನೋ. ಅದೊಂದಾಗಲ್ಲ ನೋಡಿ’ ಎಂದರು. ನಾನು ಬಾಯಿಬಿಟ್ಟು ಕೇಳಿರಲಿಲ್ಲ, ಮನಸ್ಸಿನಲ್ಲಿ ಮಾತ್ರ ಅದೇ ಇತ್ತು. ಆಗ ಅವರು ನನಗೆ ಹೆಡ್‌ಫೋನು ಹಾಕಿಕೊಳ್ಳಲು ಹೇಳಿ, ಎರಡನೇ ಚರಣದಲ್ಲಿ ಒಂದು ಪದದ ನಡುವೆ ಉಸಿರು ಎಳೆದುಕೊಂಡಿದ್ದೇನೆ, ಅವತ್ತು ಶೀತವಾಗಿತ್ತು, ಅಲ್ಲಿ ಎಳೆದುಕೊಳ್ಳಬಾರದಿತ್ತು ಎಂದರು. ಕೇಳಿದರೆ ಅಲ್ಲೇ ಉಸಿರು. ಜಂಬ ಕೊಚ್ಚುವವರು ಚೆನ್ನಾಗಿ ಬಂದ ಜಾಗ ತೋರಿಸುತ್ತಾರೆ, ಈಕೆ ತಪ್ಪಿದ ಜಾಗ ತೋರಿಸಿದರು. ನಾನು ಅವತ್ತೇ ನಂಬಿದೆ.

ಅಂದಿನಿಂದ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿಕೊಂಡು ಬರತೊಡಗಿದರು. ಗೀರು ಬಿದ್ದ ಸಿ.ಡಿ.ಗಳಿಗೆ ಟೂತ್‌ಪೇಸ್ಟ್ ಹಚ್ಚಿ, ಹಳೇ ಕಾಟನ್ ಸೀರೆಯ ತುಂಡಿನಿಂದ ಒರೆಸಿ ತರುತ್ತಿದ್ದರು. ಒರೆಸುವುದು ನಡುವಿನಿಂದ ಅಂಚಿಗೆ, ಸುತ್ತ ಒರೆಸಿದರೆ ಹಾಡು ಹಾಳು ಎಂದು ನನಗೂ ಪಾಠ ಮಾಡಿದರು. ಹೆಸರುಗಳನ್ನು ತಿದ್ದುವಾಗ ಅವರ ಕಾಟ ಹೇಳತೀರದು. ಎಲ್ಲವೂ ಕನ್ನಡ ಅಕ್ಷರದಲ್ಲೇ ಬೇಕು. ತಬಲದವರು ಯಾರು, ಕೊಳಲಿನವರು ಯಾರು, ಅವರ ಹೆಸರೂ ಬರಬೇಕು, ಪಾಪ ಅವರದ್ದೂ ಕವರಿನ ಮೇಲಿಲ್ಲ. ಸಾಫ್ಟ್‌ವೇರಿನಲ್ಲಿ ಅದಕ್ಕೆಲ್ಲ ಜಾಗವಿಲ್ಲ ಎಂದರೆ, ಲಗ್ನಪತ್ರಿಕೆಯಲ್ಲಿ ಬೀಗರ ಬೀಗರನ್ನೆಲ್ಲ ತುರುಕುತ್ತೀರಲ್ಲ ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು. ಗಾಯಕಿ ನಿಜವಾಗಿ ಹಾಡಿದ್ದ ಹಾಡುಗಳ ಎದುರು ಗಾಯಕಿಯ ಹೆಸರನ್ನು ಮುಟ್ಟಗೊಡಲಿಲ್ಲ. ‘ಅವರದ್ದು ಅವರಿಗೆ, ನಂದು ನಂಗೆ’ ಎನ್ನುವುದು ಅವರ ಮಾತು. ತರಕಾರಿಯವನ ಹತ್ತಿರವೂ ಅದನ್ನೇ ಹೇಳುತ್ತಿದ್ದರೇನೋ.

ಮದುವೆಯಾಗದೆ ಒಂಟಿಯಾಗಿ, ಗಂಗಾನಗರದಲ್ಲೊಂದು ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದರು. ಗಂಟಲು ಕೆಡುವವರೆಗೆ ಮಕ್ಕಳಿಗೆ ದೇವರನಾಮ ಹೇಳಿಕೊಟ್ಟು ಜೀವನ ಮಾಡಿದವರು. ಮನೆಯ ಒಡತಿಯನ್ನು ಇಡೀ ಬೀದಿ ಖಾಲಾ ಎನ್ನುತ್ತಿತ್ತು, ಉರ್ದುವಿನಲ್ಲಿ ಚಿಕ್ಕಮ್ಮ ಎಂದು. ಬೆಳಗ್ಗೆ ಗುಡಿಯ ಮೈಕಿನಲ್ಲಿ ಆ ಹಾಡು ಶುರುವಾದರೆ ಖಾಲಾ ಗೋಡೆ ತಟ್ಟಿ, ‘ವಿಮಲಾ, ತುಮಾರಾ ಗಾನಾ ಆರಾ ಸುನೋ’, ನಿನ್ನ ಹಾಡು ಬರ್ತಿದೆ ಕೇಳು, ಎಂದು ಕೂಗುತ್ತಿದ್ದರಂತೆ. ಹಳೇ ಧ್ವನಿಯನ್ನು ಗೋಡೆಯಾಚೆಯಿಂದ ದಿನವೂ ಕೇಳಿದ್ದ ಅವರಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಶೆಟ್ಟಿಹಳ್ಳಿಯಲ್ಲಿದ್ದ ಸ್ವಂತ ಅಣ್ಣನ ಮನೆಯವರಿಗೆ ಮಾತ್ರ ಈ ವಿಷಯವೇ ಗೊತ್ತಿರಲಿಲ್ಲ. ಯಾಕೆ ಹೇಳಿಲ್ಲ ಎಂದು ಕೇಳಿದೆ. ಕವರಿನ ಮೇಲೆ ಬೇರೆಯವರ ಹೆಸರಿರುವಾಗ ಹೇಳಿದರೆ ಬುರುಡೆ ಎನ್ನುತ್ತಾರೆ ಎಂದರು. ‘ಎಲ್ಲಾದ್ರೂ ಒಂದ್ಕಡೆ ಹೆಸರು ಬರ್ಲಿ. ಆಮೇಲ್ ಹೇಳ್ತೀನಿ.’

ಆ ಒಂದು ಕಡೆಗಾಗಿಯೇ ಅವರು ಅಷ್ಟು ಹಟ ಮಾಡಿದ್ದು. ನಾವು ತಿದ್ದಿದ ಹೆಸರುಗಳನ್ನು ಇಂಟರ್ನೆಟ್ಟಿಗೆ ಕಳಿಸಬಹುದು, ಒಪ್ಪಿದರೆ ಆ ಸಿ.ಡಿ.ಯನ್ನು ಯಾವ ಊರಿನಲ್ಲಿ ಯಾರು ಹಾಕಿದರೂ ನಿಮ್ಮ ಹೆಸರೇ ಬರುತ್ತದೆ ಎಂದು ನಾನು ಹೇಳಿದ್ದೇ ತಪ್ಪಾಯಿತು, ಕಳಿಸುವವರೆಗೆ ಬಿಡಲಿಲ್ಲ. ಕಳಿಸಿದೆವು. ಕೆಲವು ದಿನ ವಿಮಲಾ ಎಂದೇ ಬಂತು. ಸುಮ್ಮನೆ ನೋಡುವುದಕ್ಕೆಂದೇ ಬಂದು ಸಿ.ಡಿ. ಹಾಕಿಸಿ ಹೋಗುತ್ತಿದ್ದರು. ಒಂದು ದಿನ ಮತ್ತೆ ಗಾಯಕಿಯ ಹೆಸರೇ ಬಂತು. ಮತ್ತೆ ತಿದ್ದಿದೆವು, ಮತ್ತೆ ಯಾವನೋ ಬದಲಾಯಿಸಿದ, ಜೊತೆಗೆ ‘ಆಧಾರವಿಲ್ಲದೆ ಹೆಸರು ಕೆಡಿಸಬೇಡಿ’ ಎಂದು ಬುದ್ಧಿಮಾತು ಬೇರೆ. ಗಾಯಕಿಯ ಅಭಿಮಾನಿ ಇರಬೇಕು. ನಾನು ಅವನ ಜನ್ಮ ಜಾಲಾಡಿದೆ. ವಿಮಲಕ್ಕ ಮಾತ್ರ, ಅವನು ಕೇಳಿದ್ದು ನ್ಯಾಯವಾಗೇ ಇದೆ, ಆಧಾರ ತರೋಣ ಎಂದರು.

ಆಧಾರವೆಂದರೆ ಆ ಹಾಡುಗಳಿಗೆ ರಾಗ ಹಾಕಿದ ಸಂಗೀತ ನಿರ್ದೇಶಕರು. ಯಲಹಂಕ ನ್ಯೂಟೌನಿನಲ್ಲಿ ಅವರ ಮನೆ. ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಮನುಷ್ಯ ಬಾಗಿಲಿಗೇ ಬಂದು ಕರೆದುಕೊಂಡರು, ಗಂಟಲಿಗೆ ಏನಾಯಿತೆಂದು ಕೇಳಿ ಮರುಗಿದರು, ಕಾಫಿ ಕೊಡಿಸಿದರು. ಹಾಡಿನ ಮಾತು ಬಂದಾಗ ಅವರೇ ಮೇಲೆ ಬಿದ್ದು, ‘ಅದು ನಿಂದೇ ಕಣಮ್ಮ. ಆಯಮ್ಮ ಹಾಡಿದ್ರೆ ಅಷ್ಟು ಚೆನ್ನಾಗ್ ಬರ್ತಿರ್ಲಿಲ್ಲ, ಅದಕ್ಕೇ ನಾನೂ ಸುಮ್ನಾದೆ’ ಎಂದರು. ವಿಮಲಕ್ಕನ ಮುಖ ಅರಳಿತು. ಇಷ್ಟನ್ನೇ ಇವರ ಫೋನಿನ ಮುಂದೆ ಒಂದು ಸಲ ಹೇಳಿಬಿಡಿ ಮೇಷ್ಟ್ರೇ ಎಂದು ಕೇಳಿದರು. ನಾನು ಫೋನು ತೆಗೆದೆ. ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು.

‘ಈಗ್ಯಾಕಮ್ಮ ಅದೆಲ್ಲ. ಹಾಡು ದೇವರಿಗೆ ಸೇರಿದ್ದು. ನಮ್ದು ನಿಮ್ದು ಅಂತ ಏನಿದೆ ಅದ್ರಲ್ಲಿ?’

ಹೀಗೆ ವೇದಾಂತ ಹೇಳಿದವರ ಗೇಟಿನ ಮೇಲೆ ಅವರ ಹೆಸರು ಹಿತ್ತಾಳೆ ಅಕ್ಷರದಲ್ಲಿತ್ತು, ಹೆಸರಿನ ಹಿಂದೆ ಎರಡು ಬಿರುದು ಸಮೇತ. ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ಅವರನ್ನು ಬೈದೆ. ವಿಮಲಕ್ಕ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಒಪ್ಪಿಕೊಂಡರಲ್ಲ, ಅಷ್ಟಾದರೂ ಆಯಿತಲ್ಲ ಎಂದು ಒಮ್ಮೆ ಹೇಳಿದರು, ನನ್ನನ್ನು ಸಮಾಧಾನಪಡಿಸುವುದಕ್ಕೆ. ನನಗೇನೂ ಸಮಾಧಾನವಾಗಲಿಲ್ಲ.

ಅದಾಗಿ ಸ್ವಲ್ಪ ಕಾಲಕ್ಕೆ ಆ ಗಾಯಕಿ ತೀರಿಕೊಂಡರು. ನಮ್ಮ ಬಡಾವಣೆಯ ಸಾಂಸ್ಕೃತಿಕ ಸಂಘದವರು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. ಫ್ಲೆಕ್ಸ್ ಮಾಡಿಸಲು ಬಂದ ಸಂಘದ ಕಾರ್ಯದರ್ಶಿ, ಸಭೆಯಲ್ಲಿ ದೇವಿಯ ಹಾಡು ಹಾಕಬೇಕು, ನೆಟ್ಟಿನಲ್ಲಿರುವುದು ಗೊರಗೊರ ಎನ್ನುತ್ತದೆ, ನಿಮ್ಮ ಹತ್ತಿರ ಒಳ್ಳೆಯ ಕಾಪಿ ಇದೆಯಾ ಎಂದು ಕೇಳಿದ. ಇತ್ತು, ಟೂತ್‌ಪೇಸ್ಟಿನಲ್ಲಿ ತೊಳೆದ ಒಳ್ಳೆಯ ಕಾಪಿ. ಸಿ.ಡಿ.ಯ ಯಜಮಾನರನ್ನು ಕೇಳಿ ಕೊಡುತ್ತೇನೆ ಎಂದು ಅವನಿಗೆ ಹೇಳಿ ವಿಮಲಕ್ಕನಿಗೆ ಫೋನು ಮಾಡಿದೆ. ಹೆಸರು ತೆಗೆದು ಕೊಡಲಾ ಎಂದೆ.

‘ಇದ್ದ ಹಾಗೇ ಕೊಡಿ’ ಎಂದರು.

ಸಭೆಗೆ ರೇಷ್ಮೆ ಸೀರೆ ಉಟ್ಟು ಬಂದರು. ಸಾವಿನ ಸಭೆಗೆ ರೇಷ್ಮೆಯೇ ಎಂದು ಇಬ್ಬರು ಹೆಂಗಸರು ತಿರುಗಿ ನೋಡಿದರು. ವೇದಿಕೆಯ ಮೇಲೆ ಯಲಹಂಕದ ಮೇಷ್ಟ್ರೂ ಶಾಲು ಹೊದ್ದು ಕೂತಿದ್ದರು. ಭಾಷಣಗಳಾದ ಮೇಲೆ ಎಲ್ಲರನ್ನೂ ಎದ್ದು ನಿಲ್ಲಿಸಿ ಹಾಡು ಹಾಕಿದರು. ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಸಿಕ್ಕಿಸಿದ್ದರಿಂದ, ಹಾಡು ಶುರುವಾದದ್ದೇ ಪರದೆಯ ತುಂಬ ನಾನು ಟೈಪು ಮಾಡಿದ ಅಕ್ಷರಗಳು ಮೂಡಿದವು. ಗಾಯನ: ವಿಮಲಾ. ಕೆಳಗೆ ತಬಲ, ಕೊಳಲು. ವಿಮಲಕ್ಕ ಕೈಮುಗಿದು ನಿಂತಿದ್ದರು. ಸುತ್ತ ಜನ ಕಣ್ಣೊರೆಸಿಕೊಳ್ಳುತ್ತಿದ್ದರು, ಎಂಥ ಕಂಠ, ಎಂಥ ಕಂಠ ಎಂದು ಯಾರೋ ಹಿಂದಿನಿಂದ ಬಿಕ್ಕಿದರು. ಮೊದಲ ಚರಣ ಮುಗಿಯುವಷ್ಟರಲ್ಲಿ ಗುಸುಗುಸು ಎದ್ದಿತು. ಮುಂದಿನ ಸಾಲಿನವರು ಪರದೆಯ ಕಡೆ ಬೆರಳು ತೋರಿಸಿದರು. ಕಾರ್ಯದರ್ಶಿ ಓಡಿ ಬಂದು ಹಾಡು ನಿಲ್ಲಿಸಿ ಮೈಕು ಹಿಡಿದ.

‘ತಾಂತ್ರಿಕ ದೋಷದಿಂದ ಬೇರೆ ಯಾರದ್ದೋ ಹೆಸರು ಬಂದಿದೆ. ದಯವಿಟ್ಟು ಕ್ಷಮಿಸಬೇಕು.’

ನನಗೆ ತಡೆಯಲಾಗಲಿಲ್ಲ. ದೋಷ ಏನೂ ಆಗಿಲ್ಲ, ಹೆಸರು ಸರಿಯಾಗಿದೆ, ಬೇಕಾದರೆ ವೇದಿಕೆಯ ಮೇಲಿರುವ ಮೇಷ್ಟ್ರನ್ನೇ ಕೇಳಿ ಎಂದು ಕೂಗಿದೆ. ಇಡೀ ಸಭೆ ನನ್ನ ಕಡೆ ತಿರುಗಿತು. ಮೇಷ್ಟ್ರು ಶಾಲಿನ ಜರಿಯನ್ನು ಸರಿಮಾಡಿಕೊಂಡರು. ತಲೆ ಅಲ್ಲಾಡಿಸಲಿಲ್ಲ, ಹೌದೆಂದೂ ಇಲ್ಲ, ಅಲ್ಲವೆಂದೂ ಇಲ್ಲ. ಸತ್ತವರ ಮುಂದೆ ಗಲಾಟೆ ಬೇಡ ಸಾರ್ ಎಂದು ಕಾರ್ಯದರ್ಶಿ ಕೈಮುಗಿದ. ವಿಮಲಕ್ಕ ನನ್ನ ಶರ್ಟಿನ ತೋಳು ಹಿಡಿದು ಜಗ್ಗಿದರು. ಯಾರೋ ಹುಡುಗರು ಪರದೆಯ ಮೇಲೆ ಗಾಯಕಿಯ ಫೋಟೋ ಮೂಡಿಸಿ, ಹಾಡನ್ನು ಮೊದಲಿನಿಂದ ಹಾಕಿದರು. ಜನ ಮತ್ತೆ ಅತ್ತರು. ತನ್ನ ಧ್ವನಿಗೆ ಊರೆಲ್ಲ ಕಣ್ಣೀರು ಹಾಕುವುದನ್ನು ಆಕೆ ಪೂರ್ತಿ ನಿಂತು ಕೇಳಿದರು. ಆ ಸಭೆಯಲ್ಲಿದ್ದವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಟೋದಲ್ಲಿ ಬರುವಾಗ ಅವರಾಡಿದ್ದು ಒಂದೇ ಮಾತು. ‘ಚೆನ್ನಾಗೇ ಹಾಡಿದ್ದೆ ಅಲ್ವಾ?’

ಅದಾದ ಮೇಲೆ ಅವರು ಅಂಗಡಿಗೆ ಬರಲಿಲ್ಲ. ಇನ್ನೂ ಇಳಿಸಬೇಕಾದ ಸಿ.ಡಿ.ಗಳಿವೆ ಎಂದು ನಾನೇ ಫೋನು ಮಾಡಿದರೆ, ಇರಲಿ ಬಿಡಿ ಎನ್ನುತ್ತಿದ್ದರು. ಆರೋಗ್ಯ ಕೆಟ್ಟು ಶೆಟ್ಟಿಹಳ್ಳಿಯ ಅಣ್ಣನ ಮನೆಗೆ ಹೋದರು ಎಂದು ಖಾಲಾ ಹೇಳಿದರು. ಹೋಗಿ ನೋಡಿಕೊಂಡು ಬರಬೇಕು ಎಂದುಕೊಳ್ಳುತ್ತಿರುವಾಗಲೇ ತೀರಿಕೊಂಡ ಸುದ್ದಿ ಬಂತು.

ಹೋದಾಗ ಹಜಾರದಲ್ಲಿ ಮಲಗಿಸಿದ್ದರು. ಹೆಚ್ಚು ಜನರಿರಲಿಲ್ಲ. ತಲೆಯ ಹತ್ತಿರ ದೀಪ, ಪಕ್ಕದಲ್ಲಿ ಒಂದು ಮೊಬೈಲಿನಿಂದ ಯಾವುದೋ ಮಂತ್ರ ಗುಂಯ್‌ಗುಡುತ್ತಿತ್ತು. ನಾನು ಅದನ್ನು ನಿಲ್ಲಿಸಿ ನನ್ನ ಫೋನಿನಲ್ಲಿ ದೇವಿಯ ಹಾಡು ಹಾಕಿದೆ. ಅಲ್ಲಿ ಓಡಾಡಿಕೊಂಡಿದ್ದ ಅಣ್ಣನ ಸೊಸೆ ಬಂದು ನಿಂತಳು. ಚಿಕ್ಕ ವಯಸ್ಸಿನ ಹುಡುಗಿ. ಒಳ್ಳೇ ಹಾಡು ಹಾಕಿದಿರಿ, ವಿಮಲತ್ತೆಗೆ ಆ ಗಾಯಕಿ ಎಂದರೆ ಪ್ರಾಣ ಎಂದಳು. ಅವಳ ಕಣ್ಣು ಊದಿಕೊಂಡಿತ್ತು. ಕೊನೆಗಾಲದಲ್ಲಿ ನೋಡಿಕೊಂಡವಳು ಅವಳೇ ಇರಬೇಕು.

‘ಇದು ಇವರೇ ಹಾಡಿದ್ದಮ್ಮ’ ಎಂದೆ.

‘ಹೂಂ ಅಂಕಲ್, ಇಲ್ಲೂ ಹಾಡ್ಕೊಳ್ಳೋರು. ಬೆಳಗ್ಗೆ ಗುಡೀಲಿ ಬಂದ್ರೆ ಅದರ ಜೊತೆಗೇ ಹಾಡೋರು, ಆ ಗಂಟಲಲ್ಲೇ, ಪಾಪ. ಸ್ವಲ್ಪ ಜೋರಾಗಿಡಿ.’

ಜೋರಾಗಿಟ್ಟೆ.