ಬಟ್ಟೆಗಂಟಿನ ಹಿಂದೆ ಕೂತವನು

ಇಸ್ತ್ರಿ ಅಂಗಡಿಯ ಹುಡುಗಿಗೆ ಗೀಚಮ್ಮ ಎಂದು ಹೆಸರಿಟ್ಟವಳು ಅವಳ ತಾಯಿಯೇ. ಬೈಯಲೆಂದು ಇಟ್ಟ ಹೆಸರು. ಬಟ್ಟೆ ಕೊಡಲು ಬರುವವರೆಲ್ಲ ಹಾಗೇ ಕರೆಯತೊಡಗಿದ ಮೇಲೆ ಬೈಗುಳದ ಖಾರ ತಾನಾಗಿ ಇಳಿದುಹೋಯಿತು. ಹುಡುಗಿಗೆ ಹದಿನಾರು ವರ್ಷ. ಓದಿನಲ್ಲಿ ಅಷ್ಟಕ್ಕಷ್ಟೆ, ಮಾತಿನಲ್ಲಿ ಅದಕ್ಕಿಂತ ಕಡಿಮೆ. ಕೈಗೆ ತಾಯಿಯ ಮೊಬೈಲು ಸಿಕ್ಕಿತೆಂದರೆ ಮಾತ್ರ ಲೋಕವೇ ಮುಳುಗಿದರೂ ತಲೆ ಎತ್ತುತ್ತಿರಲಿಲ್ಲ.

ಮೂಲೆಯಲ್ಲಿ ಗಾಜು ಸೀಳಿದ್ದ ಆ ಮೊಬೈಲಿನಲ್ಲೇ ಅವಳು ಚಿತ್ರ ಬಿಡಿಸುವುದು. ಅದಕ್ಕೆಂದೇ ಮಾರುವ ಪೆನ್ನು ಅವಳ ಬಳಿ ಇಲ್ಲ. ತೋರುಬೆರಳೇ ಪೆನ್ಸಿಲ್ಲು, ಅದೇ ಕುಂಚ. ಅಂಗೈ ತಗುಲಿ ಅಡ್ಡಗೆರೆ ಬೀಳದಿರಲೆಂದು, ಜೋಡಿ ಕಳೆದುಕೊಂಡು ಅಂಗಡಿಯಲ್ಲೇ ಉಳಿದಿದ್ದ ಯಾರದೋ ಕಾಲುಚೀಲಕ್ಕೆ ತೂತು ಮಾಡಿ ಕೈಗೆ ತೊಟ್ಟುಕೊಳ್ಳುತ್ತಿದ್ದಳು. ಒಂದು ರೆಪ್ಪೆಗೂದಲು ಎಳೆಯಬೇಕಾದರೆ ಚಿತ್ರವನ್ನು ಎಷ್ಟು ಹಿಗ್ಗಿಸುತ್ತಿದ್ದಳೆಂದರೆ ನೋಡಿದವರಿಗೆ ಅದು ಕಣ್ಣೋ ಕುರ್ಚಿಯ ಕಾಲೋ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಯಾರಾದರೂ ಗಿರಾಕಿಯ ಫೋನು ಬಂದು ಗೆರೆ ಎತ್ತಲೋ ಹೊರಟುಹೋಗುತ್ತಿತ್ತು.

"ಅಮ್ಮಾ, ಮೂಲೆ ಮನೆಯವ್ರು. ಅಂಗಿ ಆಯ್ತಾ ಅಂತ ಕೇಳ್ತಿದಾರೆ."

"ಆಗ್ತಾ ಇದೆ ಅನ್ನು."

ಅಂಗಿಯಿದ್ದ ಗಂಟನ್ನು ಇನ್ನೂ ಬಿಚ್ಚಿಯೇ ಇರುತ್ತಿರಲಿಲ್ಲ.

ಈ ಚಿತ್ರಗಳಿಂದ ಏನು ಬರುತ್ತೆ ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಪಕ್ಕದ ಕ್ಷೌರದಂಗಡಿಯವನು ತನ್ನ ಬೋರ್ಡಿಗೊಂದು ಮುಖ ಬಿಡಿಸಿಕೊಡು ಎಂದು ದುಂಬಾಲು ಬಿದ್ದ. ಅವಳು, "ಬೋರ್ಡಿಗೆ ಅಂತ ಬಿಡ್ಸೋಕೆ ಮನಸ್ಸು ಬರಲ್ಲ ಮಾವ" ಎಂದುಬಿಟ್ಟಳು. ಅವನಿಗೆ ಸ್ವಲ್ಪ ಕೋಪ ಬಂತು. ಏನೂ ಬಾರದ ಕೆಲಸವನ್ನು ಒಬ್ಬರು ಇಷ್ಟು ಶ್ರದ್ಧೆಯಿಂದ ಮಾಡುತ್ತಿದ್ದರೆ ನೋಡುವವರ ಹೊಟ್ಟೆಯೊಳಗೆ ಏನೋ ಕಚ್ಚಿದಂತಾಗುತ್ತದೆ, ಯಾಕೆಂದು ಅವರಿಗೂ ಗೊತ್ತಿರುವುದಿಲ್ಲ.

ಆ ವರ್ಷ ಗ್ರಂಥಾಲಯದವರು ಮಕ್ಕಳ ಚಿತ್ರಪ್ರದರ್ಶನ ಇಟ್ಟರು; ಒಳ್ಳೆಯ ಚಿತ್ರಕ್ಕೆ ಬಹುಮಾನವೂ ಇತ್ತು. ಅದಕ್ಕೆಂದು ಗೀಚಮ್ಮ ಬಿಡಿಸಿದ್ದು ತಮ್ಮ ಅಂಗಡಿಯನ್ನೇ. ಮೇಜಿನ ಮುಂದೆ ಬಾಗಿದ ತಾಯಿ, ಇಸ್ತ್ರಿ ಪೆಟ್ಟಿಗೆಯಿಂದ ಏಳುವ ಹಬೆ, ಹಿಂದೆ ಮಡಿಸಿಟ್ಟ ಬಟ್ಟೆಗಳ ಸಾಲು, ಬಾಗಿಲ ಬದಿಯ ಬೆಂಚಿನ ಮೇಲೆ ಒಂದು ದೊಡ್ಡ ಬಟ್ಟೆಗಂಟು.

ಮೊದಲು ಚಿತ್ರದ ಆ ಬೆಂಚಿನ ಮೇಲೆ ಗಂಟು ಇರಲಿಲ್ಲ. ಅಲ್ಲಿ ಅಪ್ಪ ಕೂತಿದ್ದ.

ಹುಡುಗಿಗೆ ಐದು ವರ್ಷವಿದ್ದಾಗ ಬೇರೆ ಊರಿಗೆ ಕೆಲಸಕ್ಕೆಂದು ಹೋದವನು ಅಲ್ಲಿಯೇ ಇನ್ನೊಂದು ಸಂಸಾರ ಹೂಡಿದ್ದ. ಸುದ್ದಿ ತಲುಪಿದ ದಿನ ತಾಯಿ ಅಳಲಿಲ್ಲ, ಕೂಗಾಡಲಿಲ್ಲ; ಅವನಿದ್ದ ಪಟಗಳನ್ನೆಲ್ಲ ಒಂದೂ ಬಿಡದೆ ಒಲೆಗೆ ಹಾಕಿದಳು. ಅಂದಿನಿಂದ ಆ ಮನೆಯಲ್ಲಿ ಅಪ್ಪ ಎಂಬ ಮಾತಿಗೇ ಬೀಗ ಬಿತ್ತು. ಖಾಲಿ ಬೆಂಚು ನೋಡಿ ಯಾರನ್ನಾದರೂ ಕೂರಿಸೋಣ ಎಂದುಕೊಂಡ ಹುಡುಗಿಯ ಬೆರಳು ಅವನನ್ನೇ ಕೂರಿಸಿದಾಗ ಅವಳು ಬೆರಳೆತ್ತಿ ಒಮ್ಮೆ ತಾಯಿಯ ಕಡೆ ನೋಡಿದಳು. ಆದರೂ ಬಿಡಲಿಲ್ಲ. ತಾಯಿಯನ್ನು ಬಿಡಿಸಿದ್ದಕ್ಕಿಂತ ಹೆಚ್ಚು ಹೊತ್ತು ಅವನ ಅಂಗಿಯ ಕಾಲರಿಗೆ, ಕೈಗಡಿಯಾರದ ಪಟ್ಟಿಗೆ ಹಿಡಿಯಿತು.

ಮೊಬೈಲಿನ ಚಿತ್ರವೆಂದರೆ ಪದರ ಪದರ, ಮಡಿಸಿಟ್ಟ ಬಟ್ಟೆಯ ಹಾಗೆ ಒಂದರ ಮೇಲೊಂದು. ಅಪ್ಪನಿದ್ದ ಪದರವನ್ನು ಮರೆಮಾಡಿ ಮೇಲೆ ಬಟ್ಟೆಗಂಟು ಬಿಡಿಸಿದಳು. ಅಳಿಸಿಹಾಕಲು ಮನಸ್ಸಾಗಲಿಲ್ಲ. ಆದರೆ ಚಿತ್ರ ಬಿಡಿಸುವ ಆ ಆ್ಯಪು ಮೊದಲ ಗೆರೆಯಿಂದ ಕೊನೆಯ ಗೆರೆಯವರೆಗೆ ಎಲ್ಲವನ್ನೂ ತಾನಾಗಿಯೇ ವಿಡಿಯೋ ಮಾಡಿಡುತ್ತದೆ. ಅದನ್ನು ಮೊದಲೇ ನಿಲ್ಲಿಸಬೇಕಿತ್ತು. ಅಪ್ಪನ ಮೇಲೆ ಗಂಟು ಹೊರಿಸುವ ಗಡಿಬಿಡಿಯಲ್ಲಿ ಅದು ಅವಳಿಗೆ ನೆನಪೇ ಆಗಲಿಲ್ಲ.

ಗ್ರಂಥಾಲಯದವರು ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕಿದರು. ಜನ ನಿಂತು ನೋಡಿದರು. ಮರುದಿನ ಯಾರೋ ತಕರಾರು ತೆಗೆದರು: ಇದು ಹುಡುಗಿ ಬಿಡಿಸಿದ್ದಲ್ಲ, ಕಂಪ್ಯೂಟರಿಗೆ ಎರಡು ಸಾಲು ಬರೆದು ಬಿಡಿಸಿಕೊಂಡಿದ್ದು. ಬೆರಳಿನಿಂದ ಎಲ್ಲಾದರೂ ಹಬೆ ಹೀಗೆ ಬರುತ್ತದೆಯೇ? ಆಯ್ಕೆಗೆ ಕೂತಿದ್ದ ಡ್ರಾಯಿಂಗ್ ಮೇಷ್ಟ್ರು ಕೆಟ್ಟವರೇನಲ್ಲ. ಅವಳನ್ನು ಕರೆದು ಸಮಾಧಾನವಾಗಿಯೇ ಕೇಳಿದರು.

"ಬಿಡಿಸಿದ್ದರ ವಿಡಿಯೋ ಇರುತ್ತಲ್ಲಮ್ಮ, ಅದನ್ನ ತೋರಿಸಿಬಿಡು. ಅಲ್ಲಿಗೆ ಮುಗೀತು."

"ಆಗಲ್ಲ ಸರ್."

"ಯಾಕೆ?"

ಅವಳು ನೆಲ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಂಡಿತು ಅಲ್ಲಿದ್ದವರಿಗೆ. ಮೇಷ್ಟ್ರು ನಿಟ್ಟುಸಿರು ಬಿಟ್ಟು, ನಾಳೆ ತಾಯಿಯನ್ನು ಕರೆದುಕೊಂಡು ಬಾ ಎಂದರು.

ವಿಷಯ ಕೇಳಿದ ತಾಯಿಗೆ ಮೊದಲು ಮೇಷ್ಟ್ರ ಮೇಲೆ ಸಿಟ್ಟು ಬಂತು. "ನನ್ನ ಕಣ್ಮುಂದೆ ಕೂತು ಬಿಡ್ಸಿರೋದು! ತೋರ್ಸು ಅಂದ್ರೆ ತೋರ್ಸು, ಅದಕ್ಕೇನಂತೆ?" ಮಗಳು ಬಟ್ಟೆ ಮಡಿಸತೊಡಗಿದಳು. ಎರಡನೆಯ ಸಲ ಕೇಳಿದಾಗಲೂ ಮಡಿಸುತ್ತಲೇ ಇದ್ದಳು. ಮೂರನೆಯ ಸಲ ತಾಯಿಯ ದನಿ ಇಳಿದಿತ್ತು.

"ಹೇಳೇ. ನಿಜವಾಗ್ಲೂ ನೀನೇ ಬಿಡ್ಸಿದ್ದಾ?"

ಮೇಷ್ಟ್ರು ಕೇಳಿದಾಗ ಆಗದ ನೋವು ಈಗ ಆಯಿತು. ಬಾಯೊಳಗೆ ಬಿಸಿ ತುಪ್ಪ; ನುಂಗುವಂತಿಲ್ಲ, ಉಗುಳುವಂತಿಲ್ಲ. ತೋರಿಸಿದರೆ ತಾಯಿ ಸುಟ್ಟುಹಾಕಿದ ಮುಖವನ್ನು ಊರವರೆದುರು ಅವಳ ಮುಂದಿಟ್ಟಂತೆ. ತೋರಿಸದಿದ್ದರೆ ತಾಯಿಯ ಕಣ್ಣಲ್ಲೇ ತಾನು ಕಳ್ಳಿ. ಊರು ಕಳ್ಳಿ ಎಂದರೆ ಅವಳು ಹೇಗೋ ಸಹಿಸುತ್ತಿದ್ದಳು.

"ನಾಳೆ ತೋರಿಸ್ತೀನಿ," ಎಂದಳು.

ಮರುದಿನ ಗ್ರಂಥಾಲಯದ ಮೇಜಿನ ಮೇಲೆ ಮೊಬೈಲಿಟ್ಟು ಮೇಷ್ಟ್ರು, ಗ್ರಂಥಪಾಲಕಿ, ತಾಯಿ ಮೂವರೂ ಬಾಗಿದರು. ಹುಡುಗಿ ವಿಡಿಯೋ ಒತ್ತಿ ಗೋಡೆಯ ಕಡೆ ತಿರುಗಿ ನಿಂತಳು. ಬಿಳಿಯ ಪರದೆಯ ಮೇಲೆ ಗೆರೆಗಳು ಓಡಿಬಂದು ಮೇಜಾದವು, ತಾಯಿಯಾದವು. ಹಬೆ ನಾಲ್ಕು ಸಲ ಬಂದು ನಾಲ್ಕು ಸಲ ಅಳಿಸಿಹೋಗಿ ಐದನೆಯ ಸಲ ನಿಂತಿತು. "ಓಹೋ, ಹೀಗೆ ಮಾಡಿದೀಯ," ಎಂದು ಮೇಷ್ಟ್ರು ಮಗುವಿನಂತೆ ಹಿಗ್ಗಿದರು. ಆಮೇಲೆ ಬೆಂಚಿನ ಮೇಲೆ ಒಬ್ಬ ಗಂಡಸು ಬಂದು ಕೂತ. ಸ್ವಲ್ಪ ಹೊತ್ತು ಇದ್ದ. ಅವನು ಮಾಯವಾದ ಜಾಗದಲ್ಲಿ ಬಟ್ಟೆಗಂಟು ಬೆಳೆಯಿತು.

"ಇವರ್ಯಾರು? ಚೆನ್ನಾಗಿದ್ರಲ್ಲ, ಯಾಕೆ ತೆಗೆದೆ?" ಎಂದು ಗ್ರಂಥಪಾಲಕಿ ಕೇಳಿದಳು.

"ಗಿರಾಕಿ," ಎಂದಳು ತಾಯಿ.

ಮೇಷ್ಟ್ರು ಕ್ಷಮೆ ಕೇಳಿದರು. ಚಿತ್ರ ಗೋಡೆಯ ಮೇಲೇ ಉಳಿಯಿತು. ಬಹುಮಾನ ಬೇರೆ ಯಾರಿಗೋ ಹೋಯಿತು, ಅದನ್ನು ಈ ಇಬ್ಬರೂ ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ದಾರಿಯುದ್ದಕ್ಕೂ ತಾಯಿ ಒಂದು ಹೆಜ್ಜೆ ಮುಂದೆ, ಮಗಳು ಒಂದು ಹೆಜ್ಜೆ ಹಿಂದೆ.

ಅಂಗಡಿಗೆ ಬಂದವಳೇ ತಾಯಿ ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟಳು. ನೀರು ಚಿಮುಕಿಸಿದಳು. ಅಂಗಿಯೊಂದನ್ನು ಹರಡಿ ಮೊದಲು ಕಾಲರು, ಆಮೇಲೆ ತೋಳು, ಆಮೇಲೆ ಬೆನ್ನು ಉಜ್ಜಿ ಮಡಿಸಿದಳು. ಇನ್ನೊಂದು ತೆಗೆದಳು. ಬೆಂಚಿನ ತುದಿಯಲ್ಲಿ ಮಗಳು ಬೈಗುಳಕ್ಕೆ ಕಾಯುತ್ತ ಕೂತಿದ್ದಳು. ಕೈಯಲ್ಲಿದ್ದ ಮೊಬೈಲು ಇನ್ನು ತನಗೆ ಸಿಗುವುದಿಲ್ಲವೆಂದೇ ಅವಳು ನಂಬಿದ್ದಳು.

"ನಿಮ್ಮಪ್ಪ ಗಡಿಯಾರ ಕಟ್ತಿದ್ದಿದ್ದು ಬಲಗೈಗೆ," ಎಂದಳು ತಾಯಿ, ತಲೆ ಎತ್ತದೆ.

ಹನ್ನೊಂದು ವರ್ಷದಲ್ಲಿ ಅಪ್ಪ ಎಂಬ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು. ಮಗಳು ಬೆಂಚಿನಿಂದ ಎದ್ದು ಮೇಜಿನ ಹತ್ತಿರ ಬಂದಳು. ಮೊಬೈಲು ತೆರೆದು ಬಟ್ಟೆಗಂಟನ್ನು ಸರಿಸಿ ಆ ಪದರವನ್ನು ಹೊರಗೆ ತಂದಳು.

"ಇನ್ನೇನ್ ತಪ್ಪಾಗಿದೆಯಮ್ಮಾ?"

"ಕೂದ್ಲು ಅಷ್ಟೆಲ್ಲಿತ್ತು? ಮುಂದೆ ಆಗ್ಲೇ ಬೋಳಾಗ್ತಾ ಇತ್ತು. ನೀನು ಮದುಮಗನ್ನ ಮಾಡಿಟ್ಟಿದ್ದೀಯ."

"ಭುಜ?"

"ಇನ್ನೂ ಸ್ವಲ್ಪ ಇಳಿಸು. ಎಡಗಡೆದು."

ಹುಡುಗಿ ಕಾಲುಚೀಲ ಹಾಕಿಕೊಳ್ಳುವುದನ್ನೂ ಮರೆತು ಬೆರಳಾಡಿಸಿದಳು. ಯಾರೋ ಗಿರಾಕಿಯ ಫೋನು ಬಂತು. ಅವಳು ಎತ್ತಲಿಲ್ಲ, ತಾಯಿಯೂ ಎತ್ತು ಎನ್ನಲಿಲ್ಲ.

"ಮೂಗು?"

ತಾಯಿ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಮೊಬೈಲಿನ ಕಡೆ ನೋಡಲಿಲ್ಲ. ಮಗಳ ಮುಖ ನೋಡಿದಳು.

"ಮೂಗು ಸರಿಯಾಗಿದೆ," ಎಂದಳು. "ಅದನ್ನ ದಿನಾ ನೋಡ್ತೀನಲ್ಲ."